ತಿರುವಿನಲ್ಲಿ ಬಸ್ ಎದುರಾದರೆ ಕೈ ನಡುಗುತ್ತೆ, ಒಬ್ಬಳೇ ಕಾರು ಓಡಿಸೋದು ಯಾವಾಗ?

ಪ್ರಶ್ನೆ: ನನಗೆ 26 ವರ್ಷ. ಕೆಲಸ ಚಿಕ್ಕಮಗಳೂರಿನಲ್ಲಿ, ಮನೆ ಆಲ್ದೂರಿನ ಹತ್ತಿರ. ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತೆ, ಹೋದ ತಿಂಗಳು ಡಿಎಲ್ ಬಂತು. ಮನೆಯಲ್ಲಿ ಅಪ್ಪನ ಹಳೇ ಕಾರಿದೆ. ಪೇಟೆಯಲ್ಲಿ ಹೇಗೋ ಓಡಿಸುತ್ತೇನೆ. ಆದರೆ ಊರಿನ ದಾರಿಯಲ್ಲಿ, ತಿರುವಿನಲ್ಲಿ ಬಸ್ ಎದುರಾದರೆ ಕೈ ನಡುಗುತ್ತೆ. ಚಡಾವಿನಲ್ಲಿ ನಿಲ್ಲಿಸಿದರೆ ಕಾರು ಹಿಂದಕ್ಕೆ ಜಾರುತ್ತೆ. ಪಕ್ಕದಲ್ಲಿ ಕೂರುವ ಅಣ್ಣ ಕಿರುಚುತ್ತಾನೆ. ಮಳೆಯಲ್ಲಿ, ರಾತ್ರಿಯಲ್ಲಿ ಓಡಿಸಲೇಬೇಡ ಅನ್ನೋದು ಅಪ್ಪನ ಮಾತು. ನಾನು ಒಬ್ಬಳೇ ಕಾರು ತಗೊಂಡು ಕೆಲಸಕ್ಕೆ ಹೋಗೋದು ಯಾವಾಗ? ಅಮ್ಮನನ್ನು ಚಾರ್ಮಾಡಿ ಮೇಲೆ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗೋ ಆಸೆಯೂ ಇದೆ.

ಉತ್ತರ: ಕೈ ನಡುಗುತ್ತೆ ಅಂತ ಮುಚ್ಚುಮರೆ ಇಲ್ಲದೆ ಬರೆದಿದ್ದೀರಿ, ಒಳ್ಳೇದಾಯಿತು. ಹಾಸನದಲ್ಲಿ ಹೊಸಬರಿಗೆ ಕಾರು ಕಲಿಸುವುದು ನನ್ನ ಕಸುಬು. ಡಿಎಲ್ ಕೈಗೆ ಬಂದ ವಾರಕ್ಕೇ "ಭಯಾನೇ ಇಲ್ಲ ಸಾರ್" ಅನ್ನುವವರ ಬಗ್ಗೆ ನನಗೆ ಚಿಂತೆ ಜಾಸ್ತಿ. ನಿಮ್ಮ ನಡುಕಕ್ಕೆ ಕಾರಣ ಇದೆ, ಅದಕ್ಕೆ ಮದ್ದೂ ಇದೆ.

ಸ್ಕೂಲಿನಲ್ಲಿ ನಿಮಗೆ ಕ್ಲಚ್, ಗೇರು, ಸ್ಟೀರಿಂಗ್ ಕಲಿಸಿದರು. ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇತ್ತು. ಎಷ್ಟು ವೇಗ ಹೋಗಬೇಕು, ಎಲ್ಲಿ ನಿಧಾನ ಮಾಡಬೇಕು ಅಂತ ತೀರ್ಮಾನ ಮಾಡುತ್ತಿದ್ದವರು ಅವರು. ಈಗ ಅದು ನಿಮ್ಮ ಪಾಲಿಗೆ ಬಂದಿದೆ, ಅದನ್ನು ಮಾತ್ರ ಯಾರೂ ನಿಮಗೆ ಹೇಳಿಕೊಟ್ಟಿಲ್ಲ. ಅದಕ್ಕೆ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಕಣ್ಣಿಗೆ ಎಷ್ಟು ದೂರ ರಸ್ತೆ ಕಾಣುತ್ತದೋ ಅಷ್ಟರೊಳಗೆ ಕಾರು ನಿಲ್ಲಬೇಕು, ನಿಮ್ಮ ವೇಗ ಅಷ್ಟೇ ಇರಬೇಕು. ಎರಡು ಗಾಡಿ ಸರಿಯಾಗಿ ದಾಟಲಾಗದ ತೋಟದ ರಸ್ತೆಯಾದರೆ ಕಾಣುವ ದೂರದ ಅರ್ಧದೊಳಗೆ ನಿಲ್ಲಬೇಕು, ಯಾಕೆಂದರೆ ಎದುರಿನವನಿಗೂ ನಿಲ್ಲಿಸಲು ಜಾಗ ಬೇಕಲ್ವಾ. ತಿರುವು, ಮಳೆ, ಮಂಜು, ರಾತ್ರಿ, ನೀವು ಕೇಳಿದ್ದೆಲ್ಲ ಇದರೊಳಗೇ ಬರುತ್ತದೆ.

ಸ್ವಲ್ಪ ಲೆಕ್ಕ ನೋಡಿ. 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಎದುರಿಗೆ ಏನೋ ಕಂಡು, ಅದು ದನ ಅಂತ ಗೊತ್ತಾಗಿ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಹೊಸಬರಿಗೆ ಒಂದೂವರೆ ಸೆಕೆಂಡ್ ಬೇಕು ಅಂದುಕೊಳ್ಳಿ. ಅಲ್ಲಿಗೇ 25 ಮೀಟರ್ ಹೋಯಿತು, ಬ್ರೇಕ್ ಇನ್ನೂ ಹಿಡಿದೇ ಇಲ್ಲ. ಹಿಡಿದ ಮೇಲೆ ಒಣ ರಸ್ತೆಯಲ್ಲಿ ಇನ್ನೂ ಸುಮಾರು 20 ಮೀಟರ್ ಬೇಕು. ಒಟ್ಟು 45, ಅಂದರೆ ನಾಲ್ಕು ಬಸ್ ಸಾಲಾಗಿ ನಿಲ್ಲಿಸಿದಷ್ಟು. ಅದೇ 40ರಲ್ಲಿ ಹೋಗುತ್ತಿದ್ದರೆ ಎಲ್ಲ ಸೇರಿ 26 ಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತೀರಿ. ವೇಗ ಒಂದೂವರೆ ಪಟ್ಟು ಆದರೆ ಬ್ರೇಕ್ ಹಿಡಿದ ಮೇಲೆ ಬೇಕಾಗುವ ದೂರ ಎರಡು ಪಟ್ಟಿಗೂ ಜಾಸ್ತಿ ಆಗುತ್ತದೆ. ರಸ್ತೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ಈಗ ಆಲ್ದೂರು ದಾರಿಯ ಯಾವುದಾದರೂ ಒಂದು ತಿರುವನ್ನು ನೆನಪು ಮಾಡಿಕೊಳ್ಳಿ. ಎಡಗಡೆ ತೋಟದ ಬೇಲಿ, ಬಲಗಡೆ ದರೆ. ಅಲ್ಲಿ 45 ಮೀಟರ್ ಕಾಣುತ್ತದಾ? ಎಷ್ಟೋ ತಿರುವಿನಲ್ಲಿ ಕಾಣುವುದಿಲ್ಲ. ಬಸ್ ದಿಢೀರನೆ ಎದುರಾದಾಗ ಕೈ ನಡುಗುವುದು ಇದಕ್ಕೇ. ನಿಲ್ಲಿಸಲು ಜಾಗ ಸಾಲದು ಅಂತ ಮೈಗೆ ಮೊದಲು ಗೊತ್ತಾಗುತ್ತದೆ.

ತಿರುವಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ದಾರಿಯಲ್ಲಿ ಮುಖ್ಯವಾದದ್ದು ಅದೇ. ತಿರುವಿನ ಕಡೆ ಹೋಗುವಾಗ ದೂರಕ್ಕೆ ನೋಡಿ. ರಸ್ತೆಯ ಎಡ ಅಂಚು, ಬಲ ಅಂಚು ಎರಡೂ ಒಂದು ಕಡೆ ಸೇರಿದ ಹಾಗೆ ಕಾಣುತ್ತದೆ. ಅಲ್ಲಿಂದಾಚೆ ನಿಮಗೆ ರಸ್ತೆ ಕಾಣುವುದಿಲ್ಲ. ಆ ಜಾಗ ನಿಮ್ಮ ಕಡೆಗೇ ಬರುತ್ತಿದೆ ಅನ್ನಿಸಿದರೆ ತಿರುವು ಬಿಗಿಯಾಗುತ್ತಿದೆ, ನಿಧಾನ ಮಾಡಿ. ನಿಮ್ಮ ಜೊತೆಗೇ ಮುಂದೆ ಮುಂದೆ ಹೋಗುತ್ತಿದ್ದರೆ ವೇಗ ಸರಿ ಇದೆ. ದೂರ ಓಡಲು ಶುರುವಾದರೆ ತಿರುವು ಬಿಚ್ಚಿಕೊಳ್ಳುತ್ತಿದೆ, ಆಗ ಆಕ್ಸಿಲರೇಟರ್ ಮೇಲೆ ಕಾಲಿಡಬಹುದು. ಮೊದಲು ಅಣ್ಣ ಓಡಿಸುವಾಗ ಪಕ್ಕದಲ್ಲಿ ಕೂತು ಇದನ್ನೇ ನೋಡುತ್ತಾ ಹೋಗಿ. ಒಮ್ಮೆ ಕಣ್ಣಿಗೆ ರೂಢಿಯಾದರೆ ಪ್ರತಿ ತಿರುವಿನಲ್ಲೂ ತಾನಾಗೇ ಕಾಣಿಸುತ್ತದೆ.

ಬ್ರೇಕ್ ಹಿಡಿಯುವುದು, ಗೇರ್ ಇಳಿಸುವುದು ಎಲ್ಲ ತಿರುವಿಗೆ ಮುಂಚೆ, ಕಾರು ನೇರವಾಗಿರುವಾಗಲೇ ಮುಗಿಯಬೇಕು. ತಿರುವಿನ ಒಳಗೆ ಹೋದ ಮೇಲೆ ಗಾಬರಿಯಿಂದ ಬ್ರೇಕ್ ಒತ್ತುವುದು, ಅದರಲ್ಲೂ ಒದ್ದೆ ರಸ್ತೆಯಲ್ಲಿ, ಕಾರು ಜಾರುವುದಕ್ಕೆ ದೊಡ್ಡ ಕಾರಣ. ಬಲತಿರುವಿನಲ್ಲಿ ರಸ್ತೆಯ ಮಧ್ಯ ದಾಟಿ ಬಲಕ್ಕೆ ಒತ್ತಿಕೊಂಡು ಹೋಗುವ ಚಾಳಿ ನಮ್ಮಲ್ಲಿ ಬಹಳ ಜನಕ್ಕಿದೆ. ನೀವು ಹಾಗೆ ಕಲಿಯಬೇಡಿ. ಎದುರಿನವರು ಹಾಗೆ ಬರುತ್ತಾರೆ ಅಂತ ಮಾತ್ರ ಪ್ರತಿ ಸಲವೂ ಅಂದುಕೊಂಡಿರಿ. ಎದುರಿನ ಗಾಡಿ ಕಾಣದ ತಿರುವಿನಲ್ಲಿ ಹಾರ್ನ್ ಹೊಡೆಯಲು ಸಂಕೋಚ ಬೇಡ, ಕಿಟಕಿಯ ಗಾಜು ಸ್ವಲ್ಪ ಇಳಿಸಿದ್ದರೆ ಎದುರಿನ ಬಸ್ಸಿನ ಸದ್ದು ನಿಮಗೂ ಕೇಳುತ್ತದೆ.

ಇನ್ನು ಬಸ್ ಎದುರಾದಾಗ. ಬಸ್ಸನ್ನು ನೋಡಬೇಡಿ, ಅದರ ಪಕ್ಕದಲ್ಲಿ ನಿಮಗೆ ಉಳಿದಿರುವ ಜಾಗವನ್ನು ನೋಡಿ. ಕಣ್ಣು ಎಲ್ಲಿಗೆ ಹೋಗುತ್ತದೋ ಕೈ ಸ್ಟೀರಿಂಗನ್ನು ಆ ಕಡೆಗೇ ಎಳೆಯುತ್ತದೆ. ಹೇರ್‌ಪಿನ್ ತಿರುವಾದರೆ ಉದ್ದದ ಗಾಡಿಗೆ ತಿರುಗಲು ಇಡೀ ರಸ್ತೆಯೇ ಬೇಕು, ಅದು ಅವರ ತಪ್ಪಲ್ಲ. ನೀವು ತಿರುವಿಗೆ ಮುಂಚೆಯೇ ನಿಂತು ಬಿಡಿ. ಅವರು ದಾಟಿದ ಮೇಲೆ ಹೋಗಿ. ನಿಂತರೆ ಯಾರೂ ನಿಮ್ಮನ್ನು ಆಡಿಕೊಳ್ಳುವುದಿಲ್ಲ, ಡ್ರೈವರ್ ಕೈ ಎತ್ತಿಯೇ ಹೋಗುತ್ತಾನೆ. ರಸ್ತೆ ಸಾಲದ ಘಾಟಿಯಲ್ಲಿ ಇಳಿಯುವ ಗಾಡಿ ನಿಂತು ಹತ್ತುವ ಗಾಡಿಗೆ ದಾರಿ ಬಿಡಬೇಕು ಅಂತ ಕಾನೂನೇ ಹೇಳುತ್ತದೆ. ಹಾಗಂತ ಕಾನೂನು ಹಿಡಿದುಕೊಂಡು ಬಸ್ಸಿನ ಎದುರು ಕೂರಬೇಡಿ, ಪಕ್ಕಕ್ಕೆ ಸರಿಯಲು ಯಾರಿಗೆ ಸುಲಭವೋ ಅವರು ಸರಿಯುವುದೇ ಒಳ್ಳೇದು.

ಎಡಕ್ಕೆ ಸರಿಯುವಾಗ ಒಂದು ಅಪಾಯ ಇದೆ, ಇದನ್ನು ಹೊಸಬರಿಗೆ ಹೇಳುವವರು ಕಡಿಮೆ. ಮಳೆಗೆ ನಮ್ಮ ಕಡೆ ಡಾಂಬರಿನ ಅಂಚಿನ ಮಣ್ಣು ಕೊಚ್ಚಿ ಹೋಗಿ ಪಾದದ ಗಂಟಿನಷ್ಟು ಎತ್ತರದ ಮೆಟ್ಟಿಲು ಆಗಿರುತ್ತದೆ. ಎಡಗಾಲಿ ಅದರಿಂದ ಕೆಳಗಿಳಿದರೆ ಎಲ್ಲರೂ ಮಾಡುವುದು ಒಂದೇ, ಸ್ಟೀರಿಂಗನ್ನು ಬಲಕ್ಕೆ ಜೋರಾಗಿ ಎಳೆಯುವುದು. ಟೈರು ಅಂಚಿಗೆ ಉಜ್ಜಿಕೊಂಡು ಮೊದಲು ಹತ್ತುವುದಿಲ್ಲ, ಆಮೇಲೆ ಒಮ್ಮೆಲೇ ಹತ್ತಿ ಕಾರು ಸೀದಾ ಎದುರಿನ ಗಾಡಿಯ ಮುಂದಕ್ಕೆ ಹಾರುತ್ತದೆ. ಅದರ ಬದಲು ಸ್ಟೀರಿಂಗ್ ನೇರ ಹಿಡಿದುಕೊಂಡು, ಆಕ್ಸಿಲರೇಟರ್ ಬಿಟ್ಟು, ವೇಗ ಪೂರ್ತಿ ಇಳಿಯಲು ಬಿಡಿ. ಮೆಟ್ಟಿಲು ತಗ್ಗಿರುವ ಕಡೆ ನಿಧಾನವಾಗಿ ಹತ್ತಿಸಿ. ನಿಂತೇ ಹೋದರೂ ಪರವಾಗಿಲ್ಲ.

ಚಡಾವಿನಲ್ಲಿ ಹಿಂದೆ ಜಾರುವುದು ಇದಕ್ಕಿಂತ ಸಣ್ಣ ಸಮಸ್ಯೆ, ಒಂದು ಭಾನುವಾರ ಬೆಳಿಗ್ಗೆ ಕೂತು ಕಲಿತರೆ ಹೋಗುತ್ತದೆ. ಗಾಡಿ ಓಡಾಟ ಇಲ್ಲದ ಒಂದು ಏರು ಹುಡುಕಿ. ಹ್ಯಾಂಡ್ ಬ್ರೇಕ್ ಎಳೆದು ಬ್ರೇಕಿನಿಂದ ಕಾಲು ತೆಗೆಯಿರಿ. ಮೊದಲ ಗೇರು, ಸ್ವಲ್ಪ ಆಕ್ಸಿಲರೇಟರ್. ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಾ ಬನ್ನಿ. ಒಂದು ಹಂತಕ್ಕೆ ಇಂಜಿನ್ ಸದ್ದು ದಪ್ಪವಾಗಿ ಕಾರಿನ ಮೂತಿ ಚೂರು ಮೇಲೆ ಎದ್ದ ಹಾಗೆ ಆಗುತ್ತದೆ. ಅದೇ ಹಾಫ್ ಕ್ಲಚ್. ಎಡಗಾಲನ್ನು ಅಲ್ಲೇ ತಡೆದು ಹ್ಯಾಂಡ್ ಬ್ರೇಕ್ ಬಿಡಿ. ಕಾರು ಹಿಂದೆ ಹೋಗುವುದಿಲ್ಲ, ಮುಂದಕ್ಕೆ ಹತ್ತುತ್ತದೆ. ಆ ಮೂತಿ ಏಳುವುದು ಕಣ್ಣು ಮುಚ್ಚಿದರೂ ಗೊತ್ತಾಗುವ ತನಕ ಮಾಡಿ. ಸುಮ್ನೆ ಕ್ಲಚ್ಚಿನ ಮೇಲೇ ಕಾರನ್ನು ನಿಲ್ಲಿಸಿಕೊಂಡು ಇರಬೇಡಿ, ಅಪ್ಪನ ಕಾರಿನ ಕ್ಲಚ್ ಪ್ಲೇಟ್ ಸುಟ್ಟು ಹೋಗುತ್ತದೆ. ಮುಂದಿನ ಗಾಡಿಯ ಹಿಂದೆ ನಿಲ್ಲಿಸುವಾಗ ಅದರ ಹಿಂಗಾಲಿ ನೆಲ ಮುಟ್ಟುವ ಜಾಗ ನಿಮಗೆ ಕಾಣುವಷ್ಟು ಅಂತರ ಬಿಡಿ. ಅವರೂ ಹಿಂದೆ ಜಾರಬಹುದು.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರದ ಶಿಖರ, 1930 ಮೀಟರ್. ಅಲ್ಲಿಂದ ಕೈಮರದ ತನಕ ವಾರದ ಕೊನೆಯಲ್ಲಿ ಇಳಿದು ಬರುವ ಕಾರುಗಳ ಪಕ್ಕ ನಿಂತರೆ ಸುಟ್ಟ ವಾಸನೆ ಬರುತ್ತದೆ. ಬಯಲುಸೀಮೆಯ ರಸ್ತೆಯಲ್ಲಿ ಓಡಿಸಿ ಅಭ್ಯಾಸವಾದವರು ಇಡೀ ಘಾಟಿಯನ್ನು ಬ್ರೇಕಿನ ಮೇಲೇ ಇಳಿಯುತ್ತಾರೆ. ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ, ಪೆಡಲ್ ಎಷ್ಟು ಒತ್ತಿದರೂ ಕಾರು ನಿಲ್ಲುವುದಿಲ್ಲ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಎರಡನೇದು ಅಥವಾ ತೀರಾ ಕಡಿದಾದರೆ ಮೊದಲನೇದು. ಇಂಜಿನ್ನೇ ಕಾರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬ್ರೇಕನ್ನು ಆಗಾಗ ಒತ್ತಿ ಬಿಟ್ಟರೆ ಸಾಕು. ಪೆಟ್ರೋಲ್ ಉಳಿಸುತ್ತೇವೆ ಅಂತ ನ್ಯೂಟ್ರಲ್ ಮಾಡಿ ಇಳಿಯುವುದನ್ನು ಯಾರಿಂದಲೂ ಕಲಿಯಬೇಡಿ. ಇಂಜಿನ್ ಆಫ್ ಮಾಡುವುದಂತೂ ಇನ್ನೂ ಅಪಾಯ, ಬ್ರೇಕೂ ಗಟ್ಟಿಯಾಗುತ್ತದೆ, ಸ್ಟೀರಿಂಗೂ ಗಟ್ಟಿಯಾಗುತ್ತದೆ. ವಾಸನೆ ಬಂದರೆ ಸಮತಟ್ಟಾದ ಕಡೆ ನಿಲ್ಲಿಸಿ ತಣ್ಣಗಾಗಲು ಬಿಡಿ, ನೀರು ಹಾಕಬೇಡಿ.

ಮಳೆಯಲ್ಲಿ ಓಡಿಸಬೇಡ ಅನ್ನುವ ಅಪ್ಪನ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಹಿಡಿಯುವ ಊರಿನಲ್ಲಿ ಇದ್ದುಕೊಂಡು ಮಳೆಯಲ್ಲಿ ಓಡಿಸದೇ ಇರುವುದು ಹೇಗೆ ಸಾಧ್ಯ, ಒಂದಲ್ಲ ಒಂದು ದಿನ ಆಫೀಸಿನಿಂದ ವಾಪಸ್ ಬರುವಾಗ ಸಿಕ್ಕಿಹಾಕಿಕೊಳ್ಳುತ್ತೀರಿ, ಆಗ ಮೊದಲ ಸಲ ಕಲಿಯುವುದಕ್ಕಿಂತ ಈಗ ಸಣ್ಣ ಮಳೆಯಲ್ಲಿ, ಹಗಲು ಹೊತ್ತು, ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಯುವುದು ಎಷ್ಟೋ ಮೇಲು. ಮೊದಲ ಮಳೆ ಬಿದ್ದ ದಿನ ಮಾತ್ರ ವಿಶೇಷ ಎಚ್ಚರ ಬೇಕು. ಬೇಸಿಗೆಯಿಡೀ ರಸ್ತೆಗೆ ಸೋರಿದ ಎಣ್ಣೆ, ಧೂಳು ನೀರಿನ ಜೊತೆ ಸೇರಿ ಜಾರುತ್ತದೆ. ಟೈರು ನೋಡಿಕೊಳ್ಳಿ. ಗೆರೆಯ ಆಳ 1.6 ಮಿಲಿಮೀಟರಿಗೆ ಇಳಿದರೆ ಆ ಟೈರು ಮುಗಿಯಿತು ಅಂತ ಲೆಕ್ಕ, ಮಲೆನಾಡಿನ ಮಳೆಗೆ ಅದಕ್ಕಿಂತ ಮುಂಚೆಯೇ ಬದಲಾಯಿಸಿ. ಗಾಜು ಒಳಗಿನಿಂದ ಮಸುಕಾದರೆ ಬಟ್ಟೆಯಿಂದ ಒರೆಸುತ್ತಾ ಓಡಿಸಬೇಡಿ, ಏಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಬೇಗ ತಿಳಿಯಾಗುತ್ತದೆ.

ಅಪ್ಪನ ಕಾರಿನಲ್ಲಿ ಎಬಿಎಸ್, ಅಂದರೆ ಬ್ರೇಕ್ ಜೋರಾಗಿ ಒತ್ತಿದರೂ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಇದೆಯಾ ತಿಳಿದುಕೊಳ್ಳಿ. ಏಪ್ರಿಲ್ 2019ರಿಂದ ಹೊಸ ಕಾರುಗಳಿಗೆ ಅದು ಕಡ್ಡಾಯ, ಹಳೇ ಕಾರಿನಲ್ಲಿ ಇಲ್ಲದೇ ಇರಬಹುದು. ಇದ್ದರೆ ಅವಸರದಲ್ಲಿ ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯಿರಿ. ಪೆಡಲ್ ಕಾಲಿನ ಕೆಳಗೆ ಗಡಗಡ ಅನ್ನುತ್ತದೆ, ಏನೋ ಮುರಿಯಿತು ಅಂತ ಹೊಸಬರು ಹೆದರಿ ಕಾಲು ತೆಗೆದುಬಿಡುತ್ತಾರೆ. ತೆಗೆಯಬೇಡಿ. ಎಬಿಎಸ್ ಇಲ್ಲದ ಕಾರಾದರೆ ಗಾಲಿ ಲಾಕ್ ಆಗಿ ಕಾರು ಸೀದಾ ಜಾರುತ್ತದೆ, ಸ್ಟೀರಿಂಗ್ ತಿರುಗಿಸಿದರೂ ತಿರುಗುವುದಿಲ್ಲ. ಆಗ ಬ್ರೇಕನ್ನು ಚೂರು ಸಡಿಲ ಮಾಡಿ ಮತ್ತೆ ಹಿಡಿಯಬೇಕು.

ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ವಾಪಸ್ ನಿಮ್ಮ ಕಣ್ಣಿಗೇ ಬರುತ್ತದೆ, ಡಿಮ್ಮಿನಲ್ಲೇ ಹೋಗಿ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವುದು ಈಗ ಎಲ್ಲ ಕಡೆ ಕಾಣುತ್ತಿದೆ. ಅದು ನಿಂತ ಗಾಡಿಗೆ. ಓಡುವಾಗ ಹಾಕಿದರೆ ನೀವು ತಿರುಗುತ್ತೀರೋ, ನಿಂತಿದ್ದೀರೋ ಹಿಂದಿನವರಿಗೆ ತಿಳಿಯುವುದಿಲ್ಲ.

ರಾತ್ರಿ ವಿಷಯದಲ್ಲಿ ಅಪ್ಪ ಹೇಳಿದ್ದು ಸರಿ, ಸದ್ಯಕ್ಕೆ ಬೇಡ. ಕಾಫಿ ಕೊಯ್ಲಿನ ಕಾಲದಲ್ಲಿ ಹಿಂದಿನ ಲೈಟೇ ಇಲ್ಲದ ಟ್ರ್ಯಾಕ್ಟರ್, ಆಳುಗಳನ್ನು ತುಂಬಿಕೊಂಡ ಪಿಕಪ್ ರಸ್ತೆಯಲ್ಲಿ ಇರುತ್ತವೆ. ಡಿಮ್ ಲೈಟಿನಲ್ಲಿ ನಿಮಗೆ ಕಾಣುವ ದೂರ ಕಡಿಮೆ, ಆದ್ದರಿಂದ ವೇಗವೂ ಅಷ್ಟೇ ಇರಬೇಕು, ಮೇಲೆ ಹೇಳಿದ ಮಾತೇ. ಎದುರಿನವನು ಹೈ ಬೀಮ್ ಇಳಿಸದಿದ್ದರೆ ನೀವೂ ಹಠಕ್ಕೆ ಬಿದ್ದು ಹಾಕಬೇಡಿ. ವೇಗ ಇಳಿಸಿ, ಎಡ ಅಂಚಿನ ಬಿಳಿ ಗೆರೆ ನೋಡುತ್ತಾ ದಾಟಿ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಆನೆಯ ಓಡಾಟ ನಿಮಗೆ ಗೊತ್ತೇ ಇದೆ. ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಲೈಟ್ ಮಿನುಗಿಸುವುದು ಬೇಡ, ಮೊಬೈಲ್ ಹಿಡಿದು ಇಳಿಯುವುದಂತೂ ಬೇಡವೇ ಬೇಡ. ಅದಕ್ಕೆ ಹೋಗಲು ದಾರಿ ಬಿಡಿ, ಬೇಕಾದರೆ ನಿಧಾನವಾಗಿ ರಿವರ್ಸ್ ಹೋಗಿ.

ನಮ್ಮ ಹಾಸನ, ಅರಸೀಕೆರೆ, ಕಡೂರು ಕಡೆ ಬಂದರೆ ಇನ್ನೊಂದು ಇದೆ. ಸುಗ್ಗಿಯಲ್ಲಿ ಹುರುಳಿ, ರಾಗಿ ತಂದು ರಸ್ತೆಗೇ ಹರಡಿರುತ್ತಾರೆ. ಕಣ ಮಾಡುವ ಜಾಗ ಕಡಿಮೆಯಾಗಿದೆ, ರೈತರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೂ ಇದು ನಿಲ್ಲಲೇಬೇಕು. ಹುರುಳಿ ಬಳ್ಳಿ ಕಾರಿನ ಕೆಳಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ ಬೆಂಕಿ ಹತ್ತಿದ್ದುಂಟು. ಅದರ ಮೇಲೆ ಬ್ರೇಕ್ ಹಿಡಿದರೆ ಕಾರು ಜಾರುತ್ತದೆ, ಬೈಕಿನವರಂತೂ ಬಿದ್ದೇ ಬೀಳುತ್ತಾರೆ. ಪಕ್ಕದಲ್ಲಿ ಜಾಗ ಇದ್ದರೆ ತಪ್ಪಿಸಿ. ಇಲ್ಲದಿದ್ದರೆ ತೀರಾ ನಿಧಾನವಾಗಿ ದಾಟಿ, ಮುಂದೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ, ಸಿಕ್ಕಿಕೊಂಡಿದ್ದನ್ನು ಇಂಜಿನ್ ಆಫ್ ಮಾಡಿ ತೆಗೆಯಿರಿ.

ಓವರ್‌ಟೇಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ಕೆಲವು ತಿಂಗಳು ನಿಮ್ಮ ದಾರಿಯಲ್ಲಿ ಮಾಡಲೇಬೇಡಿ, ಕೆಲಸಕ್ಕೆ ಸ್ವಲ್ಪ ತಡವಾದರೆ ಆಗಲಿ. ಹಿಂದಿನವನು ಹಾರ್ನ್ ಹೊಡೆದು ಪ್ರಾಣ ತಿಂದರೆ ಅಗಲ ಇರುವ ಕಡೆ ಎಡಕ್ಕೆ ನಿಲ್ಲಿಸಿ ಅವನನ್ನು ಮುಂದೆ ಕಳಿಸಿ. ಮುಂದಿನ ಲಾರಿ ಇಂಡಿಕೇಟರ್ ಹಾಕಿದರೆ "ಹೋಗು" ಅಂತ ಅರ್ಥ ಮಾಡಿಕೊಳ್ಳಬೇಡಿ. ಕೆಲವರು ದಾರಿ ಕೊಡಲು ಹಾಕುತ್ತಾರೆ, ಕೆಲವರು ನಿಜವಾಗಿ ತಿರುಗಲು ಹಾಕುತ್ತಾರೆ.

ಈಗ ನಿಮ್ಮ ಅಣ್ಣನಿಗೆ. ನಿಮ್ಮ ತಂಗಿಯ ಮೇಲಿನ ಕಾಳಜಿಯಿಂದಲೇ ಕಿರುಚುತ್ತೀರಿ, ಗೊತ್ತು. ಆದರೆ ಕಿರುಚಿದ ತಕ್ಷಣ ಆಕೆಯ ಕಣ್ಣು ರಸ್ತೆ ಬಿಟ್ಟು ನಿಮ್ಮ ಕಡೆ ತಿರುಗುತ್ತದೆ, ಕಣ್ಣು ರಸ್ತೆಯ ಮೇಲೆ ಇರಲೇಬೇಕಾದ ಹೊತ್ತಿನಲ್ಲೇ. ಹೊರಡುವ ಮುಂಚೆ ಇಬ್ಬರೂ ಎರಡೇ ಮಾತು ಗೊತ್ತು ಮಾಡಿಕೊಳ್ಳಿ, "ನಿಧಾನ" ಮತ್ತು "ನಿಲ್ಸು". ಅದನ್ನು ಮಾಮೂಲಿ ದನಿಯಲ್ಲಿ, ಸ್ವಲ್ಪ ಮುಂಚೆಯೇ ಹೇಳಿ. ತಪ್ಪಿನ ವಿಚಾರ ಕಾರು ನಿಂತ ಮೇಲೆ ಮಾತಾಡಿ. ಆಕೆಗೆ ಮುಂದೆ ಏನು ಕಾಣುತ್ತಿದೆ ಅಂತ ಬಾಯಲ್ಲಿ ಹೇಳುತ್ತಾ ಓಡಿಸಲು ಬಿಡಿ: "ಬಸ್ ಸ್ಟಾಪ್ ಇದೆ, ಮಕ್ಕಳಿದ್ದಾರೆ, ಬೈಕ್ ಒಳರಸ್ತೆಯಿಂದ ಬರ್ತಿದೆ". ನಾನು ಕಲಿಸುವಾಗ ಇದನ್ನು ತಪ್ಪದೇ ಮಾಡಿಸುತ್ತೇನೆ. ಎಷ್ಟು ದೂರಕ್ಕೆ ನೋಡುತ್ತಿದ್ದಾರೆ ಅನ್ನುವುದು ಬಾಯಿಬಿಟ್ಟ ಕೂಡಲೇ ಗೊತ್ತಾಗಿಬಿಡುತ್ತದೆ.

ಮತ್ತೆ ಕೆಲವು ಸಣ್ಣ ವಿಷಯ. ಹೊಸಬರು ಸ್ಟೀರಿಂಗಿಗೆ ಅಂಟಿಕೊಂಡು ಕೂರುತ್ತಾರೆ, ಎದೆಗೂ ಸ್ಟೀರಿಂಗಿಗೂ 25 ಸೆಂಟಿಮೀಟರ್ ಆದರೂ ಇರಲಿ, ಏರ್‌ಬ್ಯಾಗ್ ಇದ್ದರಂತೂ ಇದು ಮುಖ್ಯ. ನೀರಿನ ಬಾಟಲನ್ನು ಸೀಟಿನ ಪಕ್ಕ ಬಿಸಾಡಬೇಡಿ. ಇಳಿಜಾರಿನಲ್ಲಿ ಅದು ಉರುಳಿ ಬ್ರೇಕ್ ಪೆಡಲಿನ ಕೆಳಗೆ ಬಂದು ಕೂತರೆ ಬ್ರೇಕ್ ಒತ್ತಲು ಆಗುವುದಿಲ್ಲ. ಕೆಸರು ಮೆತ್ತಿದ ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಶೂ ಹಾಕಿ. ಸೀಟ್ ಬೆಲ್ಟ್ ಹಿಂದೆ ಕೂರುವ ಅಮ್ಮನಿಗೂ ಬೇಕು, 1000 ರೂಪಾಯಿ ದಂಡ ಇದೆ ಅಂತಲ್ಲ, ಗುದ್ದಿದರೆ ಹಿಂದಿನವರು ಮುಂದಿನ ಸೀಟಿಗೆ ಬಂದು ಅಪ್ಪಳಿಸುತ್ತಾರೆ. ಫೋನನ್ನು ಬ್ಯಾಗಿನೊಳಗೆ ಹಾಕಿ ಹಿಂದಿನ ಸೀಟಿನಲ್ಲಿಡಿ. ಹೊಸಬರು ಅಂತ ಹಿಂದಿನವರಿಗೆ ತಿಳಿಯಲಿ, ಡಿಎಲ್ ಬಂದಿದ್ದರೂ ಹಿಂದಿನ ಗಾಜಿಗೆ "ಹೊಸ ಚಾಲಕಿ" ಅಂತ ಅಂಟಿಸಿಕೊಳ್ಳಿ, ಜನ ಸ್ವಲ್ಪ ದೂರ ಬಿಡುತ್ತಾರೆ.

ಒಬ್ಬರೇ ಯಾವಾಗ ಅಂದರೆ ನಾನು ದಿನ ಎಣಿಸಿ ಹೇಳುವುದಿಲ್ಲ. ಮೊದಲು ಭಾನುವಾರ ಬೆಳಿಗ್ಗೆ ಅಣ್ಣನ ಜೊತೆ ಆಲ್ದೂರಿನಿಂದ ಚಿಕ್ಕಮಗಳೂರಿಗೆ ಹೋಗಿ ಬನ್ನಿ. ಆಮೇಲೆ ಕೆಲಸದ ದಿನ, ಶಾಲೆ ಬಸ್ಸುಗಳು ಇರುವ ಹೊತ್ತಿನಲ್ಲಿ. ಬಯಲು ರಸ್ತೆಯ ವೇಗ ಗೊತ್ತಾಗಲು ಕಡೂರು ಕಡೆಗೆ ಒಮ್ಮೆ ಹೋಗಿ. ಅಣ್ಣ ಬಾಯಿಬಿಡದೇ ಕೂತ ಓಡಾಟಗಳು ಸಾಲಾಗಿ ಬಂದು, ನೀವು ಎಲ್ಲೂ ಗಾಬರಿಯಿಂದ ಬ್ರೇಕ್ ಒತ್ತದೇ ಮನೆ ಸೇರಿದರೆ ಒಬ್ಬರೇ ಹೋಗಬಹುದು. ಮೊದಲ ವಾರ ಕತ್ತಲಾಗುವ ಮುಂಚೆ ಮನೆ ಮುಟ್ಟುವ ಹಾಗೆ ನೋಡಿಕೊಳ್ಳಿ. ರಾತ್ರಿಯನ್ನು ಆಮೇಲೆ ಗೊತ್ತಿರುವ ಇದೇ ದಾರಿಯಲ್ಲಿ, ಮುಸ್ಸಂಜೆಯಿಂದ ಶುರು ಮಾಡಿ.

ಧರ್ಮಸ್ಥಳಕ್ಕೆ ಈ ಮಳೆಗಾಲದಲ್ಲಿ ಅಮ್ಮನ ಜೊತೆ ಬಸ್ಸಿನಲ್ಲಿ ಹೋಗಿ ಬನ್ನಿ. ಚಾರ್ಮಾಡಿಯಲ್ಲಿ ಮಂಜೂ ಇದೆ, ಗುಡ್ಡ ಕುಸಿಯುವುದೂ ಇದೆ, 2019ರ ಆಗಸ್ಟಿನಲ್ಲಿ ಕುಸಿದು ರಸ್ತೆಯೇ ಬಂದ್ ಆಗಿತ್ತು. ಹೋಗುವಾಗ ಡ್ರೈವರ್ ಕಾಣುವ ಕಡೆ ಕೂತು, ಯಾವ ತಿರುವಿಗೆ ಮುಂಚೆ ಗೇರ್ ಇಳಿಸುತ್ತಾರೆ, ಎಲ್ಲಿ ನಿಂತು ದಾರಿ ಬಿಡುತ್ತಾರೆ ನೋಡಿ. ಮಳೆ ನಿಂತ ಮೇಲೆ ಮೂಡಿಗೆರೆ ಮೇಲೆ ಕೊಟ್ಟಿಗೆಹಾರದ ತನಕ ನೀವೇ ಓಡಿಸಿ, ನೀರುದೋಸೆ ತಿಂದು ವಾಪಸ್ ಬನ್ನಿ. ಅದು ಸಲೀಸಾದರೆ ಜನವರಿ, ಫೆಬ್ರವರಿಯಲ್ಲಿ, ಬೆಳಿಗ್ಗೆ ಬಿಸಿಲು ಬಂದ ಮೇಲೆ, ವಾರದ ಮಧ್ಯದ ದಿನ ನೋಡಿಕೊಂಡು ಅಣ್ಣನನ್ನು ಜೊತೆಗಿಟ್ಟುಕೊಂಡು ಘಾಟಿ ಇಳಿಯಿರಿ. ಅದಕ್ಕೆ ಮುಂಚೆ ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ವೈಪರ್, ಸ್ಟೆಪ್ನಿಯ ಗಾಳಿ ಮೆಕ್ಯಾನಿಕ್ ಹತ್ತಿರ ತೋರಿಸಿ. ಹಳೇ ಕಾರು ಅಂದಿರಲ್ಲ, ಇನ್ಶೂರೆನ್ಸ್ ಮುಗಿಯುವ ತಾರೀಖನ್ನೂ ಇವತ್ತೇ ತೆಗೆದು ನೋಡಿ, ಬಹಳ ಮನೆಗಳಲ್ಲಿ ಅದು ಮರೆತೇ ಹೋಗಿರುತ್ತದೆ.